ಸಣ್ಣ ಕಾರಿನ ಸ್ಟೀರಿಂಗ್ ಸಡಿಲವಾದರೆ ಪ್ಲೇ ಎಲ್ಲಿದೆ ಅಂತ ಹುಡುಕುವುದು ಹೇಗೆ

"ಸ್ಟೀರಿಂಗ್ ಲೂಸ್ ಆಗಿದೆ" ಅನ್ನುವ ಒಂದೇ ಮಾತಿನ ಹಿಂದೆ ನಾಲ್ಕೈದು ಬೇರೆ ಬೇರೆ ತೊಂದರೆ ಇರಬಹುದು. ಒಬ್ಬರಿಗೆ ಸ್ಟೀರಿಂಗ್ ತಿರುಗಿಸಿದರೂ ಕಾರು ತಕ್ಷಣ ತಿರುಗುವುದಿಲ್ಲ. ಇನ್ನೊಬ್ಬರಿಗೆ ನೇರ ರಸ್ತೆಯಲ್ಲೂ ಕಾರು ಅತ್ತಿತ್ತ ತೇಲುತ್ತದೆ. ಮತ್ತೊಬ್ಬರಿಗೆ ಗುಂಡಿಗೆ ಇಳಿದಾಗ ಟಕ್ ಅನ್ನುವ ಸದ್ದು ಕೈವರೆಗೂ ಬರುತ್ತದೆ. ಇವುಗಳ ಕಾರಣ ಬೇರೆ, ಪರಿಹಾರ ಬೇರೆ, ಖರ್ಚೂ ಬೇರೆ. ಇದನ್ನು ಬಿಡಿಸಿ ನೋಡದೆ ಸುಮ್ನೆ ಭಾಗ ಬದಲಿಸುತ್ತಾ ಹೋದರೆ ಮೊದಲು ಟೈ ರಾಡ್ ಎಂಡ್, ಆಮೇಲೆ ಲೋಯರ್ ಆರ್ಮ್ (ಚಕ್ರವನ್ನು ಕೆಳಗಿನಿಂದ ಹಿಡಿದಿರುವ ತೋಳು), ಕೊನೆಗೆ ಇಡೀ ರ‍್ಯಾಕ್ ಬದಲಾಗುತ್ತದೆ. ದುಡ್ಡು ಖಾಲಿಯಾಗುತ್ತದೆ, ಪ್ಲೇ, ಅಂದರೆ ಕೈ ತಿರುಗಿಸಿದರೂ ಟೈರಿಗೆ ತಲುಪದ ಆ ಸಡಿಲ, ಹಾಗೇ ಉಳಿಯುತ್ತದೆ.

ಕೈಯ ಚಲನೆ ಟೈರ್ ತಲುಪುವುದು ಒಂದು ಸಾಲಿನ ಮೂಲಕ. ಸ್ಟೀರಿಂಗ್ ವೀಲ್, ಅದರ ಕಾಲಂ, ಕೆಳಗೆ ಯೂನಿವರ್ಸಲ್ ಜಾಯಿಂಟ್ (ಓರೆಯಾಗಿಯೂ ತಿರುಗುವ ಕೀಲು) ಇರುವ ಸಣ್ಣ ಶಾಫ್ಟ್, ಪಿನಿಯನ್ ಎಂಬ ಹಲ್ಲುಗಾಲಿ, ಅದು ಅತ್ತಿತ್ತ ಸರಿಸುವ ಹಲ್ಲಿನ ಸರಳಾದ ರ‍್ಯಾಕ್, ರ‍್ಯಾಕಿನ ಎರಡೂ ತುದಿಯಲ್ಲಿ ರ‍್ಯಾಕ್ ಎಂಡ್, ಅದಕ್ಕೆ ಸೇರಿಕೊಂಡ ಟೈ ರಾಡ್ ಎಂಡ್, ಆಮೇಲೆ ಚಕ್ರವನ್ನು ಹೊತ್ತ ನಕಲ್, ಬೇರಿಂಗ್, ಕೊನೆಗೆ ಟೈರ್. ಈ ಸಾಲಿನಲ್ಲಿ ಚಲನೆ ಎಲ್ಲಿ ಕಳೆದುಹೋಗುತ್ತಿದೆ ಅನ್ನುವುದನ್ನು ಕಣ್ಣಿಂದ ನೋಡಿ, ಬೆರಳಿಂದ ಮುಟ್ಟಿ ಕಂಡುಹಿಡಿಯಬಹುದು. ಆ ಜಾಗ ಸಿಗುವ ತನಕ ಯಾವ ಭಾಗವನ್ನೂ ಕೊಳ್ಳಬೇಡಿ.

ಈ ಲಕ್ಷಣ ಕಂಡರೆ ಕಾರು ಓಡಿಸಬೇಡಿ

ಪ್ಲೇ ತಿಂಗಳುಗಟ್ಟಲೆ ನಿಧಾನವಾಗಿ ಜಾಸ್ತಿ ಆಗುವುದು ಸವೆತದ ಗುಣ. ನಿನ್ನೆ ಇಲ್ಲದ್ದು ಇವತ್ತು ದಿಢೀರನೆ ಬಂದಿದ್ದರೆ ಯಾವುದೋ ನಟ್ಟು ಬಿಚ್ಚಿಕೊಳ್ಳುತ್ತಿದೆ, ಇಲ್ಲವೇ ಯಾವುದೋ ಬಾಲ್ ಜಾಯಿಂಟ್ (ಗುಂಡು ಕೀಲು) ಕಳಚಿಕೊಳ್ಳುವ ಹಂತಕ್ಕೆ ಬಂದಿದೆ ಅಂತಲೇ ತಿಳಿಯಿರಿ. ಹಾಗೇ ಇವುಗಳಲ್ಲಿ ಯಾವುದೇ ಒಂದು ಕಂಡರೂ ಕಾರನ್ನು ನಿಲ್ಲಿಸಿ, ಎಳೆದುಕೊಂಡು ಹೋಗುವ ವ್ಯವಸ್ಥೆ ಮಾಡಿ:

- ಸ್ಟೀರಿಂಗ್ ತಿರುಗಿಸುವಾಗ ನಡುವೆ ಎಲ್ಲೋ ಸಿಕ್ಕಿಕೊಳ್ಳುತ್ತದೆ, ಆಮೇಲೆ ಜಾರಿದಂತೆ ಬಿಡುತ್ತದೆ
- ಮುಂದಿನ ಒಂದು ಚಕ್ರ ವಾಲಿಕೊಂಡು ನಿಂತಿದೆ, ಅಥವಾ ಎರಡು ಚಕ್ರಗಳು ಬೇರೆ ಬೇರೆ ದಿಕ್ಕಿಗೆ ನೋಡುತ್ತಿವೆ
- ಟೈ ರಾಡ್ ಎಂಡ್ ಅಥವಾ ಬಾಲ್ ಜಾಯಿಂಟಿನ ನಟ್ಟು ಸಡಿಲವಿದೆ, ಅದರ ಸ್ಪ್ಲಿಟ್ ಪಿನ್ (ನಟ್ಟು ಬಿಚ್ಚಿಕೊಳ್ಳದಂತೆ ತಡೆಯುವ ಕಡ್ಡಿ) ಕಾಣೆಯಾಗಿದೆ
- ಚಕ್ರದ ನಟ್ಟುಗಳ ಸುತ್ತ ತುಕ್ಕಿನ ಗೆರೆ ಎದ್ದಿದೆ, ಓಡುವಾಗ ಆ ಕಡೆಯಿಂದ ದಡದಡ ಸದ್ದು ಬರುತ್ತದೆ

ಕೊನೆಯದಕ್ಕೆ ಮಾತ್ರ ನಿಂತಲ್ಲೇ ಒಂದು ಪರೀಕ್ಷೆ ಇದೆ. ವೀಲ್ ಸ್ಪ್ಯಾನರ್ ಹಾಕಿ ಎಲ್ಲ ನಟ್ಟು ನೋಡಿ. ಚಕ್ರ ಬಿಚ್ಚಿ ಹಾಕಿದ ಕೆಲವೇ ದಿನಗಳಲ್ಲಿ ಸ್ಟೀರಿಂಗ್ ಸಡಿಲ ಅನ್ನಿಸಿದರೆ ಮೊದಲ ಅನುಮಾನ ಇದರ ಮೇಲೇ ಇರಬೇಕು. ಸಡಿಲ ಚಕ್ರದಲ್ಲಿ ತುಂಬಾ ದೂರ ಓಡಿದ್ದರೆ ಬರೀ ಬಿಗಿ ಮಾಡಿದರೆ ಸಾಲದು. ಸ್ಟಡ್ಡು ಅಥವಾ ಬೋಲ್ಟಿನ ಮರೆ (ಥ್ರೆಡ್) ಹಾಳಾಗಿರಬಹುದು, ರಿಮ್ಮಿನ ತೂತು ಅಗಲವಾಗಿರಬಹುದು. ಚಕ್ರ ಬಿಚ್ಚಿಸಿ ತೋರಿಸಿ.

ನೇರ ರಸ್ತೆಯಲ್ಲಿ ಕಾರು ತೇಲಿದಂತೆ ಅನ್ನಿಸುತ್ತದೆ

ಗಂಟೆಗೆ 60, 70 ಕಿಲೋಮೀಟರ್ ದಾಟಿದ ಮೇಲೆ ಕಾರು ತನ್ನಷ್ಟಕ್ಕೆ ಎಡಕ್ಕೋ ಬಲಕ್ಕೋ ಸರಿಯುತ್ತದೆ. ನೀವು ಸಣ್ಣ ಸಣ್ಣದಾಗಿ ತಿದ್ದುತ್ತಲೇ ಇರಬೇಕು. ಸುಸ್ತಾಗುತ್ತದೆ. ಸ್ಟೀರಿಂಗ್ ಹೋಯಿತು ಅಂತ ಅನ್ನಿಸುವುದು ಸಹಜ. ಆದರೆ ಇಲ್ಲಿ ಮೊದಲು ನೋಡಬೇಕಾದ್ದು ಗಾಳಿ.

ಟೈರ್ ತಣ್ಣಗಿರುವಾಗ, ಅಂದರೆ ಕಾರು ನಿಂತು ಕನಿಷ್ಠ ಮೂರು ಗಂಟೆಯಾದ ಮೇಲೆ ಅಳೆಯಿರಿ. ಎಷ್ಟಿರಬೇಕು ಅನ್ನುವುದು ಸಾಮಾನ್ಯವಾಗಿ ಡ್ರೈವರ್ ಬಾಗಿಲಿನ ಕಂಬಕ್ಕೆ ಅಂಟಿಸಿದ ಸ್ಟಿಕ್ಕರಿನಲ್ಲಿ ಇರುತ್ತದೆ. ಸಣ್ಣ ಕಾರುಗಳಿಗೆ ಅದು ಹೆಚ್ಚಾಗಿ 30 ರಿಂದ 35 ಪಿಎಸ್‌ಐ ಆಸುಪಾಸು. ಟೈರಿನ ಪಕ್ಕದ ಗೋಡೆಯ ಮೇಲೆ ಅಚ್ಚಾಗಿರುವ ಸಂಖ್ಯೆ ಆ ಟೈರ್ ತಡೆಯುವ ಗರಿಷ್ಠ ಒತ್ತಡ. ಅದನ್ನು ನೋಡಿ ಗಾಳಿ ತುಂಬಿಸಬೇಡಿ. ಗಾಳಿ ಕಡಿಮೆ ಇದ್ದಾಗ ನೀವು ಸ್ಟೀರಿಂಗ್ ತಿರುಗಿಸಿದರೆ ಮೊದಲು ಟೈರಿನ ಪಕ್ಕದ ಗೋಡೆ ಬಾಗುತ್ತದೆ, ಆಮೇಲಷ್ಟೇ ಕಾರು ತಿರುಗುತ್ತದೆ. ಕೈಗೆ ಅದು ಥೇಟ್ ಪ್ಲೇ ಇದ್ದ ಹಾಗೇ ಇರುತ್ತದೆ. ಹಿಂದಿನ ಟೈರಿನ ಗಾಳಿಯನ್ನೂ ನೋಡಿ. ಹಿಂದೆ ಗಾಳಿ ಕಡಿಮೆ ಇದ್ದು ಹಿಂಬದಿ ಓಲಾಡಿದರೂ ದೂರು ಬರುವುದು ಸ್ಟೀರಿಂಗ್ ಮೇಲೇ.

ಗಾಳಿ ಸರಿಯಿದ್ದರೆ ಟೈರಿನ ಮೇಲ್ಮೈ ಮೇಲೆ ಅಡ್ಡಡ್ಡ ಕೈ ಆಡಿಸಿ. ಒಳಗಿನಿಂದ ಹೊರಗೆ ಸವರಿದಾಗ ನುಣುಪು, ಹೊರಗಿನಿಂದ ಒಳಗೆ ಸವರಿದಾಗ ಗರಗಸದ ಹಲ್ಲಿನ ಹಾಗೆ ಚುಚ್ಚಿದರೆ, ಅಥವಾ ಅದರ ತಿರುವುಮುರುವಾಗಿ ಇದ್ದರೆ, ಚಕ್ರಗಳ ಟೋ, ಅಂದರೆ ಅವು ಒಳಗೋ ಹೊರಗೋ ಮುಖ ಮಾಡುವ ಕೋನ, ತಪ್ಪಿದೆ. ತಂತಿ ಎದ್ದಿರಬಹುದು, ಬೆರಳನ್ನು ನಿಧಾನವಾಗಿ ಆಡಿಸಿ. ಒಳಅಂಚು ಮಾತ್ರ ಬೋಳಾಗಿದ್ದರೆ ಟೋ ಅಥವಾ ಕ್ಯಾಂಬರ್ (ಚಕ್ರ ಒಳಗೋ ಹೊರಗೋ ವಾಲುವ ಕೋನ) ಕೆಟ್ಟಿದೆ, ಇಲ್ಲವೇ ಬುಷ್ (ಕೀಲಿನ ರಬ್ಬರ್) ಹೋಗಿದೆ. ನಡುಭಾಗ ಮಾತ್ರ ಸವೆದಿದ್ದರೆ ಗಾಳಿ ಜಾಸ್ತಿ, ಎರಡೂ ಅಂಚು ಸವೆದಿದ್ದರೆ ಗಾಳಿ ಕಡಿಮೆ.

ವೀಲ್ ಅಲೈನ್‌ಮೆಂಟ್ ಮಾಡಿಸಲು ಇಷ್ಟಕ್ಕೇ ಓಡಬೇಡಿ. ಕೀಲುಗಳಲ್ಲಿ ಪ್ಲೇ ಇಟ್ಟುಕೊಂಡು ಮಾಡಿಸಿದ ಅಲೈನ್‌ಮೆಂಟ್ ಯಂತ್ರದಿಂದ ಇಳಿದ ಕ್ಷಣವೇ ತಪ್ಪುತ್ತದೆ. ಮೊದಲು ಕೀಲು, ಆಮೇಲೆ ಅಲೈನ್‌ಮೆಂಟ್. ಈ ಕ್ರಮ ಮಾತ್ರ ಬದಲಾಯಿಸಬೇಡಿ.

ಸ್ಟೀರಿಂಗ್ ತೀರಾ ಹಗುರ, ಆದರೆ ತಿರುಗಿಸಿದ ತಕ್ಷಣ ಕಾರು ತಿರುಗುತ್ತದೆ

ಇದು ಸಡಿಲವಲ್ಲ. ಎಲೆಕ್ಟ್ರಿಕ್ ಪವರ್ ಸ್ಟೀರಿಂಗ್ ಇರುವ ಸಣ್ಣ ಕಾರುಗಳಲ್ಲಿ ನಿಧಾನಕ್ಕೆ ಓಡುವಾಗ ಮೋಟಾರ್ ಜಾಸ್ತಿ ಸಹಾಯ ಮಾಡುತ್ತದೆ, ವೇಗ ಏರಿದಂತೆ ಕಡಿಮೆ ಮಾಡುತ್ತದೆ. ಹೊಸದಾಗಿ ಇಂಥ ಕಾರು ಓಡಿಸುವವರಿಗೆ ಹಗುರ ಅನ್ನಿಸುವುದು ಸಹಜ. ವೇಗದಲ್ಲೂ ಹಾಗೇ ಹಗುರವಾಗಿದ್ದರೆ, ಒಮ್ಮೆ ಹಗುರ ಒಮ್ಮೆ ಭಾರ ಆಗುತ್ತಿದ್ದರೆ, ಅಥವಾ ಮೀಟರಿನಲ್ಲಿ ಸ್ಟೀರಿಂಗ್ ದೀಪ ಹೊತ್ತಿದ್ದರೆ ಮೊದಲು ಬ್ಯಾಟರಿ ನೋಡಿ. ಎಂಜಿನ್ ನಿಂತಿದ್ದಾಗ ಸುಮಾರು 12.5 ವೋಲ್ಟ್, ಓಡುವಾಗ ಸುಮಾರು 13.5 ರಿಂದ 14.5 ವೋಲ್ಟ್ ಇರಬೇಕು. ಬ್ಯಾಟರಿ ಟರ್ಮಿನಲ್ಲು ಸಡಿಲವಿದ್ದರೂ, ಪುಡಿ ಕಟ್ಟಿದ್ದರೂ ಈ ಮೋಟಾರ್ ಮುನಿಸಿಕೊಳ್ಳುತ್ತದೆ. ಬ್ಯಾಟರಿ ಚೆನ್ನಾಗಿದ್ದೂ ದೀಪ ಆರದಿದ್ದರೆ ಸ್ಕ್ಯಾನರ್ ಹಾಕಿ ಕೋಡ್ ಓದಿಸಬೇಕು. ಅದು ಮನೆಯಲ್ಲಿ ಬಿಚ್ಚುವ ಕೆಲಸವಲ್ಲ.

ಸ್ಟೀರಿಂಗ್ ತಿರುಗಿಸಿದರೂ ಸ್ವಲ್ಪ ದೂರ ಏನೂ ಆಗುವುದಿಲ್ಲ

ನಿಜವಾದ ಪ್ಲೇ ಅಂದರೆ ಇದು. ಮೊದಲು ಅಳೆಯೋಣ.

ಸಮತಟ್ಟು ಜಾಗದಲ್ಲಿ ಚಕ್ರ ನೇರ ಇಟ್ಟು ಕಾರು ನಿಲ್ಲಿಸಿ. ಗೇರ್ ನ್ಯೂಟ್ರಲ್, ಆಟೋಮ್ಯಾಟಿಕ್ ಆದರೆ ಪಾರ್ಕ್. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಹಿಂದೆ ಮುಂದೆ ಅಡೆ ಕೊಡಿ. ಪವರ್ ಸ್ಟೀರಿಂಗ್ ಇದ್ದರೆ ಎಂಜಿನ್ ಚಾಲೂ ಮಾಡಿ, ಅದೂ ಗಾಳಿ ಆಡುವ ಜಾಗದಲ್ಲಿ. ಬಾಗಿಲು ಹಾಕಿದ ಗ್ಯಾರೇಜಿನಲ್ಲಿ ಬೇಡ. ಸ್ಟೀರಿಂಗ್ ವೀಲಿನ ಮೇಲಂಚಿಗೆ ಒಂದು ತುಂಡು ಟೇಪ್ ಅಂಟಿಸಿ, ಅದರ ಪಕ್ಕದಲ್ಲಿ ಒಂದು ಸ್ಕೇಲ್ ಹಿಡಿಯಿರಿ. ಎರಡು ಬೆರಳಲ್ಲಿ ಮೆಲ್ಲಗೆ ಎಡಕ್ಕೆ ಬಲಕ್ಕೆ ಆಡಿಸುತ್ತಾ, ಮುಂದಿನ ಟೈರ್ ಕದಲುವ ಕ್ಷಣವನ್ನು ಇನ್ನೊಬ್ಬರಿಗೆ ಹೇಳಲು ಹೇಳಿ. ಟೈರ್ ಕದಲದೆ ಟೇಪ್ ಎಷ್ಟು ದೂರ ಓಡಿತೋ ಅದೇ ಪ್ಲೇ. ಹಲವು ಸಣ್ಣ ಕಾರುಗಳ ಸರ್ವೀಸ್ ಕೈಪಿಡಿಗಳು 30 ಮಿಲಿಮೀಟರ್ ತನಕ ಒಪ್ಪುತ್ತವೆ, ಕೆಲವು 10 ಮಿಲಿಮೀಟರಿಗೇ ನಿಲ್ಲಿಸುತ್ತವೆ. ನಿಮ್ಮ ಕಾರಿನ ಲೆಕ್ಕ ಯಾವುದು ಅಂತ ಅದರ ಕೈಪಿಡಿಯಲ್ಲೇ ನೋಡಿ.

ಇಲ್ಲಿ ಕೈಗೆ ಒಂದು ವ್ಯತ್ಯಾಸ ಗೊತ್ತಾಗಬೇಕು. ಎಂಜಿನ್ ಆಫ್ ಇದ್ದಾಗ ಪವರ್ ಸ್ಟೀರಿಂಗನ್ನು ಆಡಿಸಿದರೆ ಸ್ಪ್ರಿಂಗ್ ತಳ್ಳಿದಂತೆ ಒಂಚೂರು ಬಾಗಿ ವಾಪಸ್ ಬರುತ್ತದೆ. ಅದರೊಳಗಿನ ಟಾರ್ಷನ್ ಬಾರ್ ತಿರುಚಿಕೊಳ್ಳುವುದರಿಂದ ಹಾಗಾಗುತ್ತದೆ, ಅದು ದೋಷವಲ್ಲ. ಸವೆತದ ಪ್ಲೇ ಹಾಗಿರುವುದಿಲ್ಲ. ಕೈಗೆ ಯಾವ ತಡೆಯೂ ಇಲ್ಲದೆ ಖಾಲಿಯಾಗಿ ಓಡಿ, ಕೊನೆಗೆ ಟಕ್ ಅಂತ ನಿಲ್ಲುತ್ತದೆ. ಎರಡು ಮೂರು ಸಲ ಆಡಿಸಿದರೆ ಕೈಗೆ ಇದು ಚೆನ್ನಾಗಿ ಅಭ್ಯಾಸವಾಗುತ್ತದೆ.

ಈಗ ಮುಖ್ಯ ಪ್ರಶ್ನೆ: ತಡವಾಗಿ ಕದಲುತ್ತಿರುವುದು ಒಂದು ಟೈರಾ, ಎರಡೂನಾ?

ಒಂದು ಟೈರ್ ತಕ್ಷಣ ಕದಲಿ ಇನ್ನೊಂದು ತಡ ಮಾಡಿದರೆ, ತಡ ಮಾಡುವ ಕಡೆಯ ಟೈ ರಾಡ್ ಎಂಡ್ ಅಥವಾ ರ‍್ಯಾಕ್ ಎಂಡ್ ಸವೆದಿದೆ. ಎರಡೂ ಒಟ್ಟಿಗೆ ತಡ ಮಾಡಿದರೆ ಚಲನೆ ಕಳೆದುಹೋಗುತ್ತಿರುವುದು ರ‍್ಯಾಕಿನಲ್ಲಿ ಅಥವಾ ಅದಕ್ಕೂ ಮೇಲೆ. ಈ ಒಂದು ನೋಟದಲ್ಲೇ ಅರ್ಧ ಕಾರು ಅನುಮಾನದಿಂದ ಹೊರಗೆ ಹೋಗುತ್ತದೆ. ಒಂದು ರೂಪಾಯಿ ಖರ್ಚಿಲ್ಲದ ಈ ಪರೀಕ್ಷೆ ಮಾಡದೆ ಭಾಗ ಬದಲಿಸಲು ಯಾರಾದರೂ ಹೇಳಿದರೆ ಒಪ್ಪಬೇಡಿ.

ಒಂದೇ ಕಡೆ ತಡವಿದ್ದರೆ ಎಂಜಿನ್ ಆಫ್ ಮಾಡಿ, ಕೀಲಿ ಮಾತ್ರ ಆನ್ ಇರಲಿ, ಲಾಕ್ ಬೀಳಬಾರದು. ಟಾರ್ಚ್ ಹಿಡಿದು ಚಕ್ರದ ಹಿಂಬದಿಯಿಂದ ಟೈ ರಾಡ್ ಎಂಡ್ ನೋಡಿ. ನಕಲಿನ ತೋಳಿಗೆ ಅದರ ಮೊಳೆ ಇಳಿದಿರುತ್ತದೆ, ಕುತ್ತಿಗೆಗೆ ಹೆಬ್ಬೆರಳಿನ ಗಾತ್ರದ ರಬ್ಬರ್ ಬೂಟ್ ಇರುತ್ತದೆ. ಬೂಟ್ ಹರಿದಿದ್ದರೆ ಒಳಗಿನ ಗ್ರೀಸ್ ಮರಳು ಹಿಡಿದು ಕಪ್ಪಗೆ ಗಟ್ಟಿಯಾಗಿರುತ್ತದೆ. ಕೆಲವೊಮ್ಮೆ ಗ್ರೀಸಿನ ಬದಲು ತುಕ್ಕಿನ ಕೆಂಪು ನೀರು ಒಸರಿರುತ್ತದೆ. ಅಂಥದ್ದಕ್ಕೆ ಹೊಸ ಬೂಟ್ ಹಾಕಿ ಉಪಯೋಗವಿಲ್ಲ, ಕೀಲು ಆಗಲೇ ಹೋಗಿರುತ್ತದೆ. ಬೂಟ್ ಚೆನ್ನಾಗಿ ಕಂಡರೆ, ಒಂದು ಬೆರಳನ್ನು ಅರ್ಧ ಎಂಡಿನ ಮೇಲೆ ಅರ್ಧ ನಕಲಿನ ಮೇಲೆ ಬರುವಂತೆ ಇಟ್ಟು, ಇನ್ನೊಬ್ಬರಿಗೆ ಸ್ಟೀರಿಂಗನ್ನು ಸ್ವಲ್ಪ ಸ್ವಲ್ಪವೇ ಆಡಿಸಲು ಹೇಳಿ. ಗಟ್ಟಿ ಕೀಲಿನಲ್ಲಿ ಎರಡೂ ಒಟ್ಟಿಗೆ ಹೋಗುತ್ತವೆ. ಸವೆದದ್ದರಲ್ಲಿ ಒಂದು ಮೊದಲು, ಇನ್ನೊಂದು ಆಮೇಲೆ ಹೋಗುತ್ತದೆ, ನಡುವಿನ ಆ ಸಣ್ಣ ಏಟು ಬೆರಳ ತುದಿಗೆ ಚುಚ್ಚಿದಂತೆ ತಿಳಿಯುತ್ತದೆ. ಕಣ್ಣಿಗೆ ಕಾಣದ ಪ್ಲೇ ಬೆರಳಿಗೆ ಸಿಗುತ್ತದೆ.

ರ‍್ಯಾಕ್ ಎಂಡ್ ಇರುವುದು ಮಡಿಕೆ ಮಡಿಕೆಯ ಉದ್ದ ಬೂಟಿನ ಒಳಗೆ. ಬೂಟನ್ನು ಹೊರಗಿನಿಂದಲೇ ಒತ್ತಿ ಒಳಗಿನ ಗುಂಡನ್ನು ಹಿಡಿದು ಇದೇ ರೀತಿ ನೋಡಿ.

ಒಂದು ಎಚ್ಚರಿಕೆ. ಟೈರ್ ಮತ್ತು ಬಾಡಿ ನಡುವೆ ತೋಳು ಇಟ್ಟಿರುವಾಗ ಸ್ಟೀರಿಂಗ್ ಹಿಡಿದವರು ಪೂರ್ತಿ ತಿರುಗಿಸಿದರೆ ಕೈ ಜಜ್ಜಿಹೋಗುತ್ತದೆ. "ಬರೀ ನಾಲ್ಕು ಬೆರಳು ಅಗಲ, ನಾನು ಹೇಳಿದಾಗ ಮಾತ್ರ" ಅಂತ ಮೊದಲೇ ಮಾತಾಡಿಕೊಳ್ಳಿ.

ಎರಡೂ ಟೈರ್ ಒಟ್ಟಿಗೆ ತಡ ಮಾಡುತ್ತವೆ

ಕಾರಿನ ಕೆಳಗೆ ಹೋಗುವ ಮುಂಚೆ ಡ್ರೈವರ್ ಕಾಲಿನ ಬಳಿ ನೋಡಿ. ಪೆಡಲುಗಳ ಮೇಲೆ ಕಾಲಂ ಕೊನೆಯಾಗಿ ಯೂನಿವರ್ಸಲ್ ಜಾಯಿಂಟ್ ಶುರುವಾಗುತ್ತದೆ. ಜಾಯಿಂಟಿನ ಮೇಲಿನ ಶಾಫ್ಟಿಗೂ ಕೆಳಗಿನ ಶಾಫ್ಟಿಗೂ ಸೇರಿಸಿ ಒಂದೇ ಕೈ ಹಿಡಿದು ಸ್ಟೀರಿಂಗ್ ಆಡಿಸಿ. ಮೇಲಿನದು ತಿರುಗಿ ಕೆಳಗಿನದು ಸುಮ್ಮನಿದ್ದರೆ ಪ್ಲೇ ಸಿಕ್ಕಿತು. ಆದಷ್ಟೂ ಆಸೆ ಇಟ್ಟುಕೊಳ್ಳಬಹುದಾದ ಜಾಗ ಇದು, ಯಾಕೆಂದರೆ ಜಾಯಿಂಟನ್ನು ಶಾಫ್ಟಿಗೆ ಬಿಗಿದಿರುವ ಬೋಲ್ಟ್ ಸಡಿಲವಾಗಿದ್ದರೆ ಕೈಪಿಡಿಯಲ್ಲಿ ಹೇಳಿದಷ್ಟು ಬಿಗಿ ಮಾಡಿದರೆ ಮುಗಿಯಿತು. ಬಿಗಿ ಮಾಡಿದರೂ ಪ್ಲೇ ಇದ್ದರೆ ಶಾಫ್ಟ್ ಬದಲಿಸಬೇಕು. ಆ ಬೋಲ್ಟನ್ನು ಪೂರ್ತಿ ಬಿಚ್ಚಿ ಶಾಫ್ಟನ್ನು ಬೇರೆ ಮಾಡಲು ನೀವೇ ಹೋಗಬೇಡಿ. ಶಾಫ್ಟ್ ಬೇರೆಯಾಗಿರುವಾಗ ಸ್ಟೀರಿಂಗ್ ವೀಲ್ ಒಂದೆರಡು ಸುತ್ತು ತಿರುಗಿದರೆ ಏರ್‌ಬ್ಯಾಗಿಗೆ ಹೋಗುವ ಸುರುಳಿ ಕೇಬಲ್ ಹರಿಯುತ್ತದೆ.

ಪವರ್ ಸ್ಟೀರಿಂಗ್ ಮೋಟಾರ್ ಕಾಲಂ ಮೇಲೇ ಕೂತಿರುವ ಕಾರುಗಳಲ್ಲಿ ಮೋಟಾರಿಗೂ ಅದರ ವರ್ಮ್ ಗೇರಿಗೂ ನಡುವೆ ಇರುವ ಸಣ್ಣ ಕಪ್ಲಿಂಗ್ ಪುಡಿಯಾಗುವುದುಂಟು. ಆಗ ಡ್ಯಾಶ್‌ಬೋರ್ಡಿನ ಕೆಳಗಿನಿಂದ ಸಣ್ಣಗೆ ಟಿಕ್ ಟಿಕ್ ಬರುತ್ತದೆ, ದಿಕ್ಕು ಬದಲಿಸಿದಾಗೆಲ್ಲ ಕೈಗೂ ತಾಗುತ್ತದೆ. ಕೆಲವು ಕಾರುಗಳಿಗೆ ಆ ಕಪ್ಲಿಂಗ್ ಒಂದೇ ಬಿಡಿಭಾಗವಾಗಿ ಸಿಗುತ್ತದೆ. ಇಡೀ ಕಾಲಂ ಬದಲಿಸಬೇಕು ಅಂದರೆ ಇದನ್ನು ಕೇಳಿ ನೋಡಿ.

ಗುಂಡಿ, ಉಬ್ಬು ಬಂದಾಗ ಟಕ್ ಟಕ್ ಸದ್ದು

ಇಲ್ಲಿ ಚಕ್ರ ಎತ್ತಲೇಬೇಕು. ಸಮತಟ್ಟು ಗಟ್ಟಿ ನೆಲ, ಹಿಂದಿನ ಚಕ್ರಕ್ಕೆ ಅಡೆ, ಕೈಪಿಡಿಯಲ್ಲಿ ತೋರಿಸಿದ ಜಾಗಕ್ಕೆ ಜಾಕ್, ಜಾಕ್ ಪಕ್ಕದಲ್ಲೇ ಸ್ಟ್ಯಾಂಡ್. ಬರೀ ಜಾಕ್ ಮೇಲೆ ನಿಂತಿರುವ ಕಾರಿನ ಕೆಳಗೆ ತಲೆಯಾಗಲಿ ಕೈಯಾಗಲಿ ಹೋಗಬಾರದು. ಸ್ಟ್ಯಾಂಡ್ ಇಲ್ಲ ಅಂದರೆ ಈ ಭಾಗವನ್ನು ಗ್ಯಾರೇಜಿಗೆ ಬಿಡಿ.

ಚಕ್ರವನ್ನು ಗಡಿಯಾರದಲ್ಲಿ 9 ಮತ್ತು 3 ಇರುವ ಕಡೆ ಹಿಡಿದು ಅಲ್ಲಾಡಿಸಿ. ಇಲ್ಲಿ ಮಾತ್ರ ಪ್ಲೇ ಇದ್ದರೆ ಟೈ ರಾಡ್ ಎಂಡ್, ರ‍್ಯಾಕ್ ಎಂಡ್ ಅಥವಾ ರ‍್ಯಾಕ್. ಆಮೇಲೆ 12 ಮತ್ತು 6 ಇರುವ ಕಡೆ ಹಿಡಿದು ಅಲ್ಲಾಡಿಸಿ. ಇಲ್ಲಿ ಪ್ಲೇ ಇದ್ದರೆ ಬೇರಿಂಗ್ ಅಥವಾ ಕೆಳಗಿನ ಬಾಲ್ ಜಾಯಿಂಟ್. ಇವೆರಡನ್ನು ಬೇರೆ ಮಾಡಲು ಒಳಗೆ ಕೂತವರಿಗೆ ಬ್ರೇಕ್ ಒತ್ತಲು ಹೇಳಿ. ಬ್ರೇಕ್ ಒತ್ತಿದಾಗ ಪ್ಲೇ ಮಾಯವಾದರೆ ಬೇರಿಂಗ್, ಹಾಗೇ ಇದ್ದರೆ ಬಾಲ್ ಜಾಯಿಂಟ್. ಬೇರಿಂಗ್ ಹೋಗಿದ್ದರೆ ಎರಡೂ ಹಿಡಿತದಲ್ಲಿ ಪ್ಲೇ ಕಾಣುತ್ತದೆ. ಓಡುವಾಗ ವೇಗದ ಜೊತೆ ಏರುವ ಗುಂಯ್ ಸದ್ದೂ ಇರುತ್ತದೆ.

ಚಕ್ರ ಗಟ್ಟಿಯಾಗಿದ್ದೂ ಸದ್ದು ಬರುತ್ತಿದ್ದರೆ ಸ್ಟೆಬಿಲೈಸರ್ ಲಿಂಕ್ (ಕಾರು ತಿರುವಿನಲ್ಲಿ ವಾಲದಂತೆ ತಡೆಯುವ ಸರಳಿನ ತುದಿಯ ಕಡ್ಡಿ) ಹಿಡಿದು ಅಲ್ಲಾಡಿಸಿ. ಗುಂಡಿಯಲ್ಲಿ ಸದ್ದು ಮಾಡುವುದರಲ್ಲಿ ಇದು ಎತ್ತಿದ ಕೈ, ಆದರೆ ಸ್ಟೀರಿಂಗ್ ಪ್ಲೇಗೆ ಇದು ಕಾರಣವಲ್ಲ. ನಿಂತಲ್ಲೇ ಸ್ಟೀರಿಂಗ್ ತಿರುಗಿಸುವಾಗ ಸ್ಪ್ರಿಂಗ್ ಜಿಗಿದಂತೆ ಟಣ್ ಅಂದರೆ ಸ್ಟ್ರಟ್ (ಸ್ಪ್ರಿಂಗ್, ಶಾಕ್ ಅಬ್ಸಾರ್ಬರ್ ಇರುವ ಕಂಬ) ಮೇಲಿನ ಬೇರಿಂಗ್ ನೋಡಿಸಿ.

ಬ್ರೇಕ್ ಹಾಕಿದಾಗ, ಆಕ್ಸಿಲರೇಟರ್ ಒತ್ತಿದಾಗ ಕಾರು ಪಕ್ಕಕ್ಕೆ ಸರಿಯುತ್ತದೆ

ಬ್ರೇಕ್ ಹಾಕಿದಾಗ ಒಂದು ಕಡೆಗೆ, ಬಿಟ್ಟು ಆಕ್ಸಿಲರೇಟರ್ ಕೊಟ್ಟಾಗ ಇನ್ನೊಂದು ಕಡೆಗೆ ಸರಿದರೆ ಲೋಯರ್ ಆರ್ಮ್ ಬುಷ್ ಕಡೆ ನೋಡಿ, ಮುಖ್ಯವಾಗಿ ಹಿಂದಿನ ದೊಡ್ಡ ಬುಷ್. ರಬ್ಬರಿನ ಮೇಲೆ ಕೂದಲೆಳೆ ಬಿರುಕು ವಯಸ್ಸಿಗೆ ಬರುವಂಥದ್ದು, ಅದಕ್ಕೆ ಹೆದರಬೇಡಿ. ರಬ್ಬರ್ ಲೋಹದಿಂದ ಬಿಟ್ಟುಕೊಂಡಿದ್ದರೆ, ಕಬ್ಬಿಣದ ಸಲಾಕೆ ಕೊಟ್ಟು ಮೀಟಿದಾಗ ಆರ್ಮ್ ಹಿಂದೆ ಮುಂದೆ ಹೋದರೆ, ಬದಲಿಸಬೇಕು. ಬ್ರೇಕ್ ಹಾಕಿದಾಗ ಮಾತ್ರ ಎಳೆದರೆ ಕ್ಯಾಲಿಪರ್ (ಬ್ರೇಕ್ ಡಿಸ್ಕನ್ನು ಹಿಡಿಯುವ ಭಾಗ) ನೋಡಿಸಿ. ಸ್ವಲ್ಪ ಓಡಿಸಿ ನಿಲ್ಲಿಸಿ, ರಿಮ್ಮಿನ ಹತ್ತಿರ ಕೈ ತಂದು ನೋಡಿ, ಮುಟ್ಟಬೇಡಿ. ಒಂದು ಕಡೆ ಮಾತ್ರ ಧಗೆ ಹೊಡೆದರೆ ಆ ಕ್ಯಾಲಿಪರ್ ಹಿಡಿದುಕೊಂಡಿದೆ.

ಸ್ಟೀರಿಂಗ್ ವೀಲೇ ಮೇಲೆ ಕೆಳಗೆ ಅಲ್ಲಾಡುತ್ತದೆ

ಟಿಲ್ಟ್ ಲಿವರ್ ಪೂರ್ತಿ ಬಿಗಿಯಾಗಿದೆಯಾ ನೋಡಿ. ಆಮೇಲೂ ಅಲ್ಲಾಡಿದರೆ ಕಾಲಂ ಬೋಲ್ಟ್ ಅಥವಾ ಕಾಲಂ ಬೇರಿಂಗ್. ವೀಲ್ ಬಿಚ್ಚಬೇಡಿ, ಒಳಗೆ ಏರ್‌ಬ್ಯಾಗ್ ಇದೆ.

80ರಿಂದ 100ರ ವೇಗದಲ್ಲಿ ಮಾತ್ರ ನಡುಗುತ್ತದೆ

ಹೆಚ್ಚಾಗಿ ಇದು ಬ್ಯಾಲೆನ್ಸಿಂಗ್. ರಿಮ್ಮಿನ ತೂಕದ ತುಂಡು ಬಿದ್ದಿರಬಹುದು, ರಿಮ್ ಸೊಟ್ಟಗಾಗಿರಬಹುದು, ಟೈರ್ ಉಬ್ಬಿರಬಹುದು. ಟೈರಿನಲ್ಲಿ ಉಬ್ಬು ಕಂಡರೆ ಅವತ್ತೇ ಸ್ಟೆಪ್ನಿ ಹಾಕಿ.

ಎಲ್ಲ ಕೀಲು ಗಟ್ಟಿ, ಪ್ಲೇ ಮಾತ್ರ ಹೋಗಿಲ್ಲ

ಉಳಿದಿರುವುದು ರ‍್ಯಾಕ್. ಮೊದಲು ರ‍್ಯಾಕನ್ನು ಹಿಡಿದಿರುವ ಬೋಲ್ಟು, ಬುಷ್ಷುಗಳನ್ನು ನೋಡಿಸಿ. ಸ್ಟೀರಿಂಗ್ ಆಡಿಸಿದಾಗ ಇಡೀ ರ‍್ಯಾಕ್ ಪಕ್ಕಕ್ಕೆ ಜಾರಿದರೆ ಅಲ್ಲೇ ಪರಿಹಾರ, ಮತ್ತು ಅದು ರ‍್ಯಾಕಿಗಿಂತ ತುಂಬಾ ಅಗ್ಗ.

ರ‍್ಯಾಕಿನ ಬೆನ್ನಿಗೆ ಒಂದು ಅಡ್ಜಸ್ಟ್ ಮಾಡುವ ತಿರುಪು ಇರುತ್ತದೆ. "ಅದನ್ನು ಸ್ವಲ್ಪ ಟೈಟ್ ಮಾಡಿಕೊಡ್ತೀನಿ, ಪ್ಲೇ ಹೋಗುತ್ತೆ" ಅನ್ನುವವರು ಸಿಗುತ್ತಾರೆ. ಅದಕ್ಕೆ ಒಪ್ಪುವ ಮುಂಚೆ ಒಂದು ವಿಷಯ ತಿಳಿದಿರಲಿ. ಕಾರು ಜಾಸ್ತಿ ಓಡುವುದು ನೇರಕ್ಕೆ, ಅಲ್ವಾ? ಹಾಗಾಗಿ ರ‍್ಯಾಕಿನ ಹಲ್ಲು ಜಾಸ್ತಿ ಸವೆಯುವುದು ನಟ್ಟನಡುವೆ. ನಡುವಿನ ಪ್ಲೇ ಹೋಗುವಷ್ಟು ಬಿಗಿ ಮಾಡಿದರೆ ಸವೆಯದ ಎರಡು ಪಕ್ಕಗಳಲ್ಲಿ ರ‍್ಯಾಕ್ ಹಿಡಿದುಕೊಳ್ಳುತ್ತದೆ. ತಿರುವಿನಲ್ಲಿ ಸ್ಟೀರಿಂಗ್ ತಾನಾಗಿ ವಾಪಸ್ ಬರುವುದಿಲ್ಲ. ಸ್ವಲ್ಪ ಪ್ಲೇ ಇರುವ ಸ್ಟೀರಿಂಗಿಗಿಂತ ಅದು ಎಷ್ಟೋ ಅಪಾಯ. ಆ ತಿರುಪನ್ನು ಎಷ್ಟು ಬಿಗಿದು ಎಷ್ಟು ಡಿಗ್ರಿ ಹಿಂದಕ್ಕೆ ಬಿಡಬೇಕು ಅನ್ನುವ ಲೆಕ್ಕ ಸರ್ವೀಸ್ ಕೈಪಿಡಿಯಲ್ಲಿ ಇರುತ್ತದೆ. ಆ ಲೆಕ್ಕ ಇಟ್ಟುಕೊಂಡು ಮಾಡುವವರ ಕೈಗೆ ಮಾತ್ರ ಕೊಡಿ.

ಟೈ ರಾಡ್ ಎಂಡ್ ನೀವೇ ಬದಲಿಸುವುದಾದರೆ

ಟಾರ್ಕ್ ರೆಂಚ್ (ಬಿಗಿಯನ್ನು ಅಳೆದು ತೋರಿಸುವ ಸ್ಪ್ಯಾನರ್), ಸ್ಟ್ಯಾಂಡ್, ಬಾಲ್ ಜಾಯಿಂಟ್ ಪುಲ್ಲರ್ ಇದ್ದರೆ ಇದು ಮನೆಯಲ್ಲೇ ಆಗುವ ಕೆಲಸ. ಲಾಕ್ ನಟ್ಟನ್ನು ಬಿಡುವ ಮುಂಚೆ ಅದು ಈಗ ಇರುವ ಜಾಗಕ್ಕೆ ಬಣ್ಣದ ಗೆರೆ ಹಾಕಿ. ಹಳೆಯದನ್ನು ಬಿಚ್ಚುವಾಗ ಎಷ್ಟು ಸುತ್ತು ಬಂತು ಅಂತ ಎಣಿಸಿ ಬರೆದಿಟ್ಟುಕೊಳ್ಳಿ. ಹೊಸದನ್ನು ಅಷ್ಟೇ ಸುತ್ತು ಹಾಕಿ. ಅಲೈನ್‌ಮೆಂಟ್ ಜಾಗದ ತನಕ ನಿಧಾನಕ್ಕೆ ಓಡಿಸಿಕೊಂಡು ಹೋಗಲು ಅಷ್ಟು ಸಾಕು.

ಹೊಸ ಎಂಡಿನ ಮೊಳೆ, ನಕಲಿನ ತೂತು, ಎರಡನ್ನೂ ಒಣ ಬಟ್ಟೆಯಲ್ಲಿ ಒರೆಸಿ. ಇಳಿಜಾರಾದ ಆ ಮೊಳೆ ತೂತಿನಲ್ಲಿ ಒಣಗಿಯೇ ಕಚ್ಚಬೇಕು, ಗ್ರೀಸ್ ಹಚ್ಚಬೇಡಿ. ನಟ್ಟನ್ನು ಹೇಳಿದ ಟಾರ್ಕಿಗೆ ಬಿಗಿ ಮಾಡಿದ ಮೇಲೆ ಸ್ಪ್ಲಿಟ್ ಪಿನ್ನಿನ ತೂತು ಸರಿ ಹೊಂದದಿದ್ದರೆ ನಟ್ಟನ್ನು ಇನ್ನಷ್ಟು ಮುಂದಕ್ಕೆ ತಿರುಗಿಸಿ, ಹಿಂದಕ್ಕೆ ಬಿಡಬೇಡಿ. ಸ್ಪ್ಲಿಟ್ ಪಿನ್ ಹೊಸದೇ ಹಾಕಿ. ನೈಲಾನ್ ಲಾಕ್ ನಟ್ಟಾದರೆ ಅದೂ ಹೊಸದೇ ಆಗಬೇಕು.

ಟೋ ಸರಿ ಮಾಡಿಸುವಾಗ ಸ್ಟೀರಿಂಗ್ ವೀಲ್ ನೇರ ಲಾಕ್ ಮಾಡಿ ಎರಡೂ ಕಡೆ ಹೊಂದಿಸಲು ಹೇಳಿ. ಒಂದೇ ಕಡೆ ತಿದ್ದಿದರೆ ಕಾರು ನೇರ ಹೋಗುತ್ತದೆ, ಸ್ಟೀರಿಂಗ್ ವೀಲ್ ಸೊಟ್ಟ ನಿಲ್ಲುತ್ತದೆ. ಕೆಲಸ ಮುಗಿದ ಮೇಲೆ ಟೈ ರಾಡಿನ ಎರಡೂ ಲಾಕ್ ನಟ್ಟುಗಳನ್ನು ನೀವೇ ಸ್ಪ್ಯಾನರ್ ಹಾಕಿ ನೋಡಿ. ಖಾಲಿ ರಸ್ತೆಯಲ್ಲಿ ಗಂಟೆಗೆ 20, 30 ಕಿಲೋಮೀಟರಿನಲ್ಲಿ ಎಡಕ್ಕೊಮ್ಮೆ ಬಲಕ್ಕೊಮ್ಮೆ ತಿರುಗಿಸಿ, ಸ್ಟೀರಿಂಗ್ ತಾನಾಗಿ ನಡುವಿಗೆ ಬರುತ್ತದಾ ಗಮನಿಸಿ. ಟೇಪ್ ಇಟ್ಟು ಪ್ಲೇಯನ್ನು ಇನ್ನೊಮ್ಮೆ ಅಳೆದು ಬರೆದಿಡಿ. 50 ರಿಂದ 100 ಕಿಲೋಮೀಟರ್ ಓಡಿದ ಮೇಲೆ ಚಕ್ರದ ನಟ್ಟುಗಳ ಬಿಗಿಯನ್ನು ಮತ್ತೆ ನೋಡಿ.